ಸುಮ್ಮನಿದ್ದವನ ಆಕ್ಷೇಪಣೆ

ಕಾನೂನು ಕಾಲೇಜಿನ ಎರಡನೇ ಮಹಡಿಯ ಮೂಲೆಯಲ್ಲಿದ್ದ ಸಿಂಕಿನ ಮುಂದೆ ನಿಂತು ಅವಳು ಟೀ ಕಪ್ಪುಗಳನ್ನು ಉಜ್ಜುತ್ತಿದ್ದಳು. ವಿಭಾಗದಲ್ಲಿ ಕುಡಿಯುವವರು ಎಲ್ಲರೂ, ತೊಳೆಯುವವರು ಯಾರೂ ಇಲ್ಲ. ತಲೆ ಬಿಸಿಯಾದಾಗಲೆಲ್ಲ ಅವಳು ತೋಳು ಮಡಚಿ ಈ ಕೆಲಸಕ್ಕೆ ಇಳಿಯುತ್ತಿದ್ದಳು. ಕಪ್ಪಿನ ಕರೆ ಬಿಡುವ ಹೊತ್ತಿಗೆ ವಾದದ ಗಂಟೂ ಬಿಡುತ್ತದೆ ಎಂದು ಅವಳ ನಂಬಿಕೆ.

"ನೀವು ತುಂಬಾ ಬೇಗ ಮಾತಾಡ್ತೀರಿ."

ಬೆನ್ನ ಹಿಂದಿನಿಂದ ಗಂಡಸಿನ ದನಿ. ಕಪ್ಪು ಜಾರಿ ನೊರೆಯೊಳಗೆ ಮುಳುಗಿತು.

"ನಾನಿನ್ನೂ ಬಾಯೇ ತೆಗೆದಿಲ್ಲವಲ್ಲ" ಎಂದಳು ತಿರುಗಿ.

ಬೂದು ಕೋಟು, ಕಂಕುಳಲ್ಲಿ ಕಾಗದದ ಕಟ್ಟು, ಕೈಯಲ್ಲೊಂದು ಬಿಸಿನೀರಿನ ಫ್ಲಾಸ್ಕು. ನಗಬೇಕೋ ಬೇಡವೋ ಎಂದು ತುಟಿ ಇನ್ನೂ ತೀರ್ಮಾನ ಮಾಡಿರಲಿಲ್ಲ. ಅವನು ನ್ಯಾಯಮಂಡಳಿಯ ದುಭಾಷಿ. ಗಾಜಿನ ಗೂಡಿನಲ್ಲಿ ಕುಳಿತು, ಒಬ್ಬರು ಆಡಿದ್ದನ್ನು ಇನ್ನೊಬ್ಬರ ಭಾಷೆಯಲ್ಲಿ ಆಗಿಂದಾಗಲೇ ಹೇಳುವವನು. ಹಿಂದಿನ ವಾರದ ವಿಚಾರಣೆಯಲ್ಲಿ ಅವಳ ಮಾತಿನ ಹಿಂದೆ ಓಡಿ ಓಡಿ ಏದುಸಿರು ಬಂದಿತ್ತಂತೆ. ಮುಂದಿನ ಸಲದ ವಾದವನ್ನು ಮೊದಲೇ ಓದಿಕೊಳ್ಳಲು ಕೊಟ್ಟರೆ ಉಪಕಾರ ಎಂದು ಕೇಳಿಕೊಂಡು ಬಂದಿದ್ದ.

ಅವಳಿಗೆ ಮೈ ಉರಿಯಿತು. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಗಡಿ ಮೇಡಂ ಎಂದು ಕರೆಯುತ್ತಿದ್ದರು. ದೇಶದೇಶಗಳ ನಡುವಿನ ಕಾನೂನು ಕಲಿಸುವವಳು, ಅದರಲ್ಲೂ ಗಡಿಜಗಳಗಳಲ್ಲಿ ಪಳಗಿದವಳು. ಅವಳ ಮಾತಿನ ವೇಗವೇ ಅವಳ ಹೆಸರು. ಅದಕ್ಕೇ ಕೈಹಾಕಿದನಲ್ಲ ಈ ಮನುಷ್ಯ...

ಆದರೂ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದ ತಂದುಕೊಟ್ಟಳು. ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಬಿಸಿನೀರಿನ ಫ್ಲಾಸ್ಕು ಹಿಡಿದಿದ್ದ ಕೈ, ಬೆಚ್ಚಗಿತ್ತು. ಅಷ್ಟೇ. ಆ ಅಷ್ಟಕ್ಕೇ ಎದೆ ಯಾಕೆ ಹಾಗೆ ಹೊಡೆದುಕೊಂಡಿತು ಎಂದು ಅವಳು ಉಳಿದ ಕಪ್ಪುಗಳನ್ನೆಲ್ಲ ಎರಡೆರಡು ಸಲ ತೊಳೆದಳು.

ಆ ಮೊಕದ್ದಮೆಯ ಕಥೆ ಇಷ್ಟು. ಎರಡು ದೇಶಗಳ ನಡುವೆ ಹರಿಯುವ ಹೊಳೆ ಸಮುದ್ರ ಸೇರುವಲ್ಲಿ ಒಂದು ಮರಳದಿಬ್ಬ. ಆಚೆ ದಡದ ಬೆಸ್ತರು ತಲೆತಲಾಂತರದಿಂದ ಅಲ್ಲಿ ಬಲೆ ಒಣಗಿಸುತ್ತಿದ್ದರು. ಬಹಳ ವರ್ಷಗಳ ಹಿಂದೆ ಈಚೆ ದೇಶದವರು ಅಲ್ಲೊಂದು ದೀಪದ ಕಂಬ ನೆಟ್ಟು, ದಿಬ್ಬ ನಮ್ಮದು ಎಂದರು. ಆಚೆ ಸರ್ಕಾರ ತುಟಿ ಬಿಚ್ಚಲಿಲ್ಲ. ಆಕ್ಷೇಪಣೆಯ ಪತ್ರವೊಂದನ್ನು ಯಾರೋ ಗುಮಾಸ್ತ ಬರೆದಿದ್ದನಂತೆ, ಅದು ಕಳಿಸುವವರಿಲ್ಲದೆ ಡ್ರಾಯರಿನಲ್ಲೇ ಉಳಿದುಹೋಗಿತ್ತು.

ಅವಳು ಈಚೆ ದೇಶದ ಪರ ನಿಂತಿದ್ದಳು. ಅವಳ ವಾದದ ತಿರುಳು ಒಂದೇ. ಮಾತಾಡಬೇಕಾದ ಹೊತ್ತಿನಲ್ಲಿ ಮಾತಾಡದೆ ಕುಳಿತವರು ಒಪ್ಪಿಕೊಂಡಂತೆಯೇ ಲೆಕ್ಕ. "ಡ್ರಾಯರಿನಲ್ಲಿ ಮಲಗಿರುವ ಆಕ್ಷೇಪಣೆ ಆಕ್ಷೇಪಣೆಯೇ ಅಲ್ಲ. ಬರೆದರೆ ಸಾಲದು, ಕಳಿಸಬೇಕು" ಎಂದಳು ನ್ಯಾಯಾಧೀಶರ ಮುಂದೆ. ಈ ಸಲ ನಿಧಾನವಾಗಿ ಹೇಳಿದಳು. ಗಾಜಿನ ಗೂಡಿನ ಕಡೆ ಒಮ್ಮೆ ಕಣ್ಣು ಹೊರಳಿಸಿದಳು ಕೂಡ.

ಆಚೆ ದಡದಿಂದ ಒಬ್ಬ ಮುದುಕಿಯನ್ನು ಸಾಕ್ಷಿಗೆ ಕರೆಸಿದ್ದರು. ಬಲೆ ಹೆಣೆದು ಹೆಣೆದು ಬೆರಳು ಸೊಟ್ಟಗಾಗಿದ್ದವು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಗಡಿ ಮೇಡಂ ಕೇಳಿದಳು. ಮುದುಕಿ ತನ್ನ ಭಾಷೆಯಲ್ಲಿ ಏನೋ ಅಂದಳು. ಗಡಿ ಮೇಡಂ ಕಿವಿಯಲ್ಲಿದ್ದ ಯಂತ್ರದೊಳಗೆ ದುಭಾಷಿಯ ದನಿ ಕೇಳಿಸಿತು.

"ನಾನು ಸುಮ್ಮನಿದ್ದೆ, ನಿಜ. ಒಪ್ಪಿರಲಿಲ್ಲ. ನನ್ನನ್ನ ಯಾರೂ ಕೇಳಲಿಲ್ಲ. ಕೇಳದೆ ಇರೋರ ಮುಂದೆ ಬಾಯಿ ತೆಗೆಯೋದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ."

ದುಭಾಷಿಗಳ ಕ್ರಮ ಹಾಗೆ. ಬೇರೆಯವರ ಮಾತನ್ನು 'ನಾನು' ಎಂದೇ ಹೇಳಬೇಕು, ತಮ್ಮದೊಂದು ಅಕ್ಷರವನ್ನೂ ಸೇರಿಸಬಾರದು. ಅವಳಿಗೆ ಇದೆಲ್ಲ ಗೊತ್ತಿತ್ತು. ಆದರೂ ಆ ದನಿ ಕಿವಿಯೊಳಗೇ ಕುಳಿತು ತನಗೊಬ್ಬಳಿಗೇ ಹೇಳುತ್ತಿರುವಂತೆ ಕೇಳಿಸಿ, ಮುಂದಿನ ಪ್ರಶ್ನೆ ಮರೆತುಹೋಯಿತು. ತಲೆಯೆತ್ತಿದರೆ, ಗಾಜಿನ ಹಿಂದಿನಿಂದ ಅವನೂ ಅವಳನ್ನೇ ನೋಡುತ್ತಿದ್ದ.

ಮೊಕದ್ದಮೆ ಮುಗಿಯುವ ತನಕ ವಕೀಲರ ಜೊತೆ ದುಭಾಷಿ ಸಲಿಗೆಯಿಂದ ಇರುವಂತಿಲ್ಲ. ನ್ಯಾಯಮಂಡಳಿಯ ಉದ್ದ ಕಾರಿಡಾರಿನಲ್ಲಿ ಒಂದೇ ಬೆಂಚಿತ್ತು. ಈ ತುದಿಗೆ ಅವಳು, ಆ ತುದಿಗೆ ಅವನು, ನಡುವೆ ಫ್ಲಾಸ್ಕು. ಗಂಟಲಿಗೆಂದು ಅವನು ಬಿಸಿನೀರು ಕುಡಿಯುತ್ತಿದ್ದ, ಅವಳು ಕಾಗದ ತಿರುವುತ್ತಿದ್ದಳು. ಇಬ್ಬರೂ ಏನೂ ಆಡುತ್ತಿರಲಿಲ್ಲ. ಅವಳ ಜೀವಮಾನದಲ್ಲೇ ಅಷ್ಟು ನೆಮ್ಮದಿಯ ಹೊತ್ತು ಇನ್ನೊಂದಿರಲಿಲ್ಲ.

ತೀರ್ಪು ಬಂತು. ಗಡಿ ಮೇಡಂ ಗೆದ್ದಳು. ಮರಳದಿಬ್ಬ ಈಚೆ ದೇಶಕ್ಕಾಯಿತು. ಮುದುಕಿಯನ್ನು ಯಾರೋ ಕೈಹಿಡಿದು ಮೆಟ್ಟಿಲಿಳಿಸಿ ಕರೆದುಕೊಂಡು ಹೋದರು. ಗಡಿ ಮೇಡಂ ಕಣ್ಣು ಅತ್ತ ಹೋಗಲಿಲ್ಲ, ಯಾಕೆಂದರೆ ಅದೇ ಮೆಟ್ಟಿಲ ಬುಡದಲ್ಲಿ ಅವನು ನಿಂತಿದ್ದ.

"ಇವತ್ತಿಂದ ಟೀ ಕುಡಿಯಬಹುದು" ಎಂದ.

ಆಮೇಲಿನ ಕೆಲವು ತಿಂಗಳು... ಹೇಳಿದರೆ ಕಡಿಮೆ. ಅವಳು ಅಕ್ಕನ ಜೊತೆ ಇದ್ದಳು. ಕೆಳಗೆ ಅಕ್ಕನ ಬಟ್ಟೆ ರಿಪೇರಿ ಅಂಗಡಿ, ಮೇಲೆ ಮನೆ. ಅವನು ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ಬರುತ್ತಿದ್ದ. ಗುಂಡಿಗಳೆಲ್ಲ ಗಟ್ಟಿಯಾಗಿಯೇ ಇವೆಯೆಂದು ಅಕ್ಕನಿಗೆ ಗೊತ್ತಿತ್ತು. ಆದರೂ ಒಂದನ್ನು ಕತ್ತರಿಸಿ ಮತ್ತೆ ಹಾಕಿಕೊಡುತ್ತಿದ್ದಳು. "ಈ ಮನುಷ್ಯನ ಬಾಯಲ್ಲಿ ನಾಲ್ಕು ಭಾಷೆ ಇದೆ ಕಣೇ ಕೋರ್ಟಮ್ಮ, ಒಂದರಲ್ಲೂ ಮಾತಾಡಲ್ಲ" ಎಂದು ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದಳು.

ಆ ಗೆಲುವಿನ ಸುದ್ದಿ ದೂರ ದೂರ ಹೋಯಿತು. ಕಡಲಾಚೆಯ ದೊಡ್ಡ ವಿಶ್ವವಿದ್ಯಾಲಯವೊಂದು ಮೂರು ವರ್ಷಕ್ಕೆ ಬನ್ನಿ ಎಂದು ಕರೆಯಿತು. ಅವಳ ಓರಗೆಯ ಯಾರಿಗೂ ಸಿಕ್ಕದ ಕುರ್ಚಿ.

ಸಂಜೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅವನಿಗೆ ಹೇಳಿದಳು. "ಹೋಗಬೇಕು ಅಂತಿದ್ದೀನಿ."

ಅವನ ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ. ಅದರಲ್ಲಿದ್ದ ನೀರು ಅಲುಗಿತು.

"ಯಾವಾಗ?" ಎಂದ.

"ಬರುವ ತಿಂಗಳು."

ಒಂದು ಮಾತು... ಅವಳ ಜೀವವೆಲ್ಲ ಕಿವಿಗೆ ಬಂದು ನಿಂತಿತ್ತು. ಬೇಡ ಅನ್ನಿ. ಯೋಚನೆ ಮಾಡಿ ಅನ್ನಿ. ಅಯ್ಯೋ ಅನ್ನಿ, ಅಷ್ಟೂ ಸಾಕು... ಅವನು ನೀರು ಕುಡಿದು ಮುಚ್ಚಳ ತಿರುಗಿಸಿದ. ಬೀದಿಯನ್ನು ನೋಡಿದ. ಏನೂ ಅನ್ನಲಿಲ್ಲ.

ಹೊರಡುವ ದಿನ ಅವಳ ಪೆಟ್ಟಿಗೆಯನ್ನು ಅವನೇ ಹೊತ್ತು ತಂದ. ಆಗಲೂ ಏನೂ ಅನ್ನಲಿಲ್ಲ. ಅವಳು ಮೇಷ್ಟರಂತೆ ಲೆಕ್ಕ ಹಾಕಿದಳು. ಮಾತಾಡಬೇಕಾದ ಹೊತ್ತಿತ್ತು, ಮಾತಾಡಲಿಲ್ಲ. ಅಂದಮೇಲೆ ಒಪ್ಪಿಗೆ ಇದೆ. ನಾನು ಹೋದರೆ ಇವರಿಗೆ ಏನೂ ಇಲ್ಲ...

ಅವಳು ಹೋದಳು.

ಮೂರು ವರ್ಷ ಆರೇಳು ವರ್ಷವಾಯಿತು. ಮೌನದ ಮೇಲೆ ಅವಳು ಬರೆದ ಪುಸ್ತಕವನ್ನು ಎಷ್ಟೋ ದೇಶಗಳಲ್ಲಿ ಪಾಠಕ್ಕಿಟ್ಟರು. ಸಭೆಯಿಂದ ಸಭೆಗೆ ವಿಮಾನ ಹತ್ತಿದಳು. ಎಲ್ಲಿ ಹೋದರೂ ಮೊದಲು ಗಾಜಿನ ಗೂಡಿನ ಕಡೆ ಕಣ್ಣು ಹೋಗುತ್ತಿತ್ತು. ಯಾರೋ ಇರುತ್ತಿದ್ದರು. ಅವನಲ್ಲ. ಕೋಣೆಗೆ ಹಿಂದಿರುಗಿ ಒಂದೇ ಕಪ್ಪಿನಲ್ಲಿ ಟೀ ಕುಡಿದು, ಒಂದೇ ಕಪ್ಪು ತೊಳೆದು ಬೋರಲು ಹಾಕುತ್ತಿದ್ದಳು. ಅಕ್ಕನಿಗೆ ಫೋನು ಮಾಡಿದಾಗ ಎಲ್ಲರನ್ನೂ ವಿಚಾರಿಸುತ್ತಿದ್ದಳು. ಅವನ ವಿಷಯ ಬಂದರೆ ಎಂದು ಬೇಗ ಇಟ್ಟುಬಿಡುತ್ತಿದ್ದಳು.

ಕೊನೆಗೊಂದು ಸಲ ಅವಳ ಹಳೆಯ ಕಾಲೇಜೇ ಉಪನ್ಯಾಸಕ್ಕೆ ಕರೆಯಿತು. ಕಡಲಾಚೆಯವರು ಅವಳನ್ನು ಕಾಯಂ ಮಾಡಲು ಸಿದ್ಧರಿದ್ದರು, ಒಪ್ಪಿಗೆ ತಿಳಿಸುವುದೊಂದು ಬಾಕಿ. ಹೋಗಿಬರುತ್ತೇನೆ, ಬಂದು ತಿಳಿಸುತ್ತೇನೆ ಎಂದು ಹೊರಟುಬಂದಳು.

ಸಭಾಂಗಣ ತುಂಬಿತ್ತು, ಪರದೇಶದವರೂ ಬಂದಿದ್ದರು. ಅವಳು ಗಾಜಿನ ಗೂಡನ್ನು ನೋಡಿದಳು. ಒಳಗೆ ಒಬ್ಬ ಚಿಕ್ಕ ಹುಡುಗಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಾಯುತ್ತಿದ್ದಳು.

ಉಪನ್ಯಾಸ ಹೇಗೆ ಮುಗಿಯಿತೋ ಅವಳಿಗೇ ಗೊತ್ತಿಲ್ಲ. ಇಳಿದುಬಂದ ಹುಡುಗಿಯನ್ನು ತಡೆದು, ಮೊದಲು ನ್ಯಾಯಮಂಡಳಿಯಲ್ಲಿ ದುಭಾಷಿಯಾಗಿದ್ದವರು ಎಲ್ಲಿ ಎಂದು ಕೇಳಿದಳು.

"ಸರ್ ಈಗ ಮಾತಾಡಲ್ಲ ಮೇಡಂ" ಎಂದಳು ಹುಡುಗಿ.

ಅಂಗಡಿಗೆ ಓಡಿಬಂದು ಅಕ್ಕನನ್ನು ಕೇಳಿದರೆ ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. ಮೆದುಳಿನ ಒಂದು ಕಡೆ ರಕ್ತ ಹೆಪ್ಪುಗಟ್ಟಿತಂತೆ, ಹೋದ ಚಳಿಗಾಲದಲ್ಲಿ. ಜೀವ ಉಳಿಯಿತು. ಬಲಗೈ ಮುಷ್ಕರ ಹೂಡಿದೆ, ಮಾತು ಹೋಗಿದೆ.

"ನನಗೆ ಯಾಕೆ ಹೇಳಲಿಲ್ಲ ನೀನು?"

ಅಕ್ಕ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ನೀನು ಕೇಳಿದೆಯಾ? ಇಷ್ಟು ವರ್ಷದಲ್ಲಿ ಒಂದು ಸಲ, ಹೇಗಿದ್ದಾರೆ ಅಂತ ಬಾಯಿಬಿಟ್ಟು ಕೇಳಿದೆಯಾ? ಆ ಮನುಷ್ಯ ತಿಂಗಳಿಗೊಂದು ಗುಂಡಿ ಹಾಕಿಸೋಕೆ ಬರ್ತಾನೇ ಇದ್ದ. ಅವನೂ ಕೇಳಲ್ಲ, ನೀನೂ ಕೇಳಲ್ಲ. ಇಬ್ಬರ ನಡುವೆ ಗುಂಡಿ ಕತ್ತರಿಸಿ ಕತ್ತರಿಸಿ ನನಗೆ ಸಾಕಾಗಿತ್ತು."

ಅವನ ಮನೆ ಕನ್ನಡಕದ ಅಂಗಡಿಯೊಂದರ ಮೇಲೆ. ಬಾಗಿಲು ತೆಗೆದದ್ದು ಅವನ ತಮ್ಮ. ರೈಲಿನಲ್ಲಿ ಎರಡು ದಿನದ ದೂರದ ಗಣಿಯೂರಿನಲ್ಲಿ ಕೆಲಸ, ಅಣ್ಣನಿಗಾಗಿ ರಜೆಯ ಮೇಲೆ ರಜೆ ಹಾಕಿ ಇನ್ನು ಹಾಕಿದರೆ ಕೆಲಸವೇ ಹೋಗುತ್ತದೆ ಎನ್ನುವಲ್ಲಿಗೆ ಬಂದು ನಿಂತಿದ್ದ. ಒಳ್ಳೆಯ ಮನುಷ್ಯ. ಕಣ್ಣ ಕೆಳಗೆ ಕಪ್ಪಿಟ್ಟಿತ್ತು. ಭಾನುವಾರದ ರೈಲಿಗೆ ಅಣ್ಣನನ್ನು ಕರೆದುಕೊಂಡು ಹೋಗಿ ಅಲ್ಲಿನ ಆರೈಕೆ ಮನೆಯೊಂದಕ್ಕೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಈ ಮನೆಯನ್ನೂ ಬಿಟ್ಟುಕೊಟ್ಟಾಗಿತ್ತು.

ದುಭಾಷಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಕೂದಲು ನೆರೆತಿತ್ತು. ಅವಳನ್ನು ನೋಡಿದ. ಕಣ್ಣು ಮೊದಲಿನದೇ... ತುಟಿ ಅಲುಗಿತು, ಗಂಟಲು ಅಲುಗಿತು, ಮುಖವೆಲ್ಲ ಕೆಂಪಾಯಿತು. ಮಾತು ಬರಲಿಲ್ಲ.

"ಹೇಗಿದ್ದೀರಿ?" ಎಂದಳು ಅವಳು.

"ಹೇಗಿದ್ದೀರಿ" ಎಂದ ಅವನು. ಸ್ಪಷ್ಟವಾಗಿ.

ಅವಳ ಮುಖ ಅರಳಿದ್ದನ್ನು ಕಂಡು ತಮ್ಮ ಹಾಗಲ್ಲವೆಂದು ತಲೆಯಾಡಿಸಿದ. ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ. ಬೇರೆಯವರು ಆಡಿದ್ದನ್ನು ಅಣ್ಣ ಹಾಗೇ ತಿರುಗಿ ಆಡುತ್ತಾನೆ. ತಾನಾಗಿ ಒಂದು ಮಾತನ್ನೂ ಶುರು ಮಾಡಲಾರ. ಮಾತಿನ ಚಿಕಿತ್ಸೆಯಾಕೆ ಹೇಳಿದ್ದಳಂತೆ, ಹಾಗೂ ಆಗುವುದುಂಟು, ಎಲ್ಲವೂ ಅರ್ಥವಾಗುತ್ತದೆ, ಮಾತು ಹೊರಡುವ ಬಾಗಿಲು ಮಾತ್ರ ಮುಚ್ಚಿದೆ ಎಂದು.

ಇಡೀ ಆಯುಸ್ಸು ಬೇರೆಯವರ ಮಾತನ್ನು ಆಡಿದ ಮನುಷ್ಯ. ಈಗ ಅದೊಂದೇ ಉಳಿದಿದೆ...

"ಗಣಿಯೂರಿಗೆ ಬರೋಕೆ ಅವರು ಒಪ್ಪಿದ್ದಾರಾ? ಕೇಳಿದಿರಾ ಅವರನ್ನ?"

"ಕೇಳಿದೆ ಮೇಡಂ. 'ಬರ್ತೀಯಾ ಅಣ್ಣ' ಅಂದೆ. 'ಬರ್ತೀಯಾ ಅಣ್ಣ' ಅಂದ. 'ಬರ್ತೀನಿ ಅನ್ನು' ಅಂದೆ. 'ಬರ್ತೀನಿ' ಅಂದ." ತಮ್ಮ ಗೋಡೆಗೆ ಒರಗಿ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಇನ್ನು ಹೇಗೆ ಕೇಳಲಿ? ನೀವು ದೊಡ್ಡ ಓದು ಓದಿದೋರು, ನೀವೇ ಹೇಳಿ."

ತಲೆ ಅಲ್ಲಾಡಿಸಿದರೆ ಸಾಲದೇ ಎಂದು ಅದನ್ನೂ ನೋಡಿದ್ದರಂತೆ. ಎದುರಿನವರು ತಲೆಯನ್ನು ಹೇಗೆ ಆಡಿಸುತ್ತಾರೋ ಅವನೂ ಹಾಗೇ ಆಡಿಸುತ್ತಿದ್ದ.

ಮರುದಿನವೂ ಬಂದಳು. ಅದರ ಮರುದಿನವೂ. ತಮ್ಮ ಸಾಮಾನು ಕಟ್ಟುತ್ತಿದ್ದ. ಪುಸ್ತಕಗಳು, ನಾಲ್ಕು ಭಾಷೆಯ ನಿಘಂಟುಗಳು ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು. ಕೋಣೆ ದಿನದಿನಕ್ಕೆ ಬೋಳಾಗುತ್ತಿತ್ತು. ಕೈಯಿಂದ ಎಲ್ಲವೂ ಜಾರುತ್ತಿದೆ ಎನಿಸಿ ಅವಳು ಕೈಗೆ ಸಿಕ್ಕ ಕಡ್ಡಿಯನ್ನೆಲ್ಲ ಹಿಡಿದಳು. ಹಳೆಯ ಮೊಕದ್ದಮೆ ನೆನಪಿಸಿದಳು. ಬೆಂಚನ್ನು, ಫ್ಲಾಸ್ಕನ್ನು ನೆನಪಿಸಿದಳು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಅವನು ಕಷ್ಟಪಟ್ಟು, ಬೆವರುತ್ತ, ಅವಳ ಪ್ರಶ್ನೆಗಳ ಬಾಲವನ್ನೇ ಅವಳಿಗೆ ಹಿಂದಿರುಗಿಸಿದ.

ತಮ್ಮ ಔಷಧಿ ತರಲು ಕೆಳಗಿಳಿದಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. ಅವನ ಕಾಲ ಬಳಿ ನೆಲದ ಮೇಲೆ ಕುಸಿದು ಕುಳಿತು, ಆರೇಳು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿಬಿಟ್ಟಳು.

"ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವನು ಅವಳನ್ನೇ ನೋಡಿದ. ಕಣ್ಣು ತುಂಬಿತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ" ಎಂದ.

ಎಷ್ಟು ವರ್ಷ ಕಾದ ಮಾತು! ಪರದೇಶದ ಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಇದೇ ದನಿಯಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳು... ಈಗ ಬಂತು. ಬಂದರೂ ತೆಗೆದುಕೊಳ್ಳುವಂತಿಲ್ಲ. ಇದು ಅವನ ಮಾತೋ, ತನ್ನದೇ ಮಾತು ಗೋಡೆಗೆ ಬಡಿದು ತಿರುಗಿ ಬಂದದ್ದೋ? ಯಾವ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಈ ಸಾಕ್ಷ್ಯ?

ಅವಳು ಬಚ್ಚಲಿಗೆ ಹೋಗಿ, ನಲ್ಲಿ ಪೂರಾ ತಿರುಗಿಸಿ, ನೀರಿನ ಸದ್ದಿನೊಳಗೆ ಬಿಕ್ಕಿಬಿಕ್ಕಿ ಅತ್ತಳು.

ಅಲ್ಲಿ ನಿಂತಿದ್ದಾಗ ಆ ಮುದುಕಿ ನೆನಪಾದಳು. ಸೊಟ್ಟ ಬೆರಳಿನ, ಬಲೆಯ ಮುದುಕಿ. ಸುಮ್ಮನಿದ್ದೆ, ಒಪ್ಪಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ... ಅಂದು ಆ ಮಾತನ್ನು ಕಿವಿಯಲ್ಲಿ ಹಾಕಿಕೊಂಡು, ಪಕ್ಕಕ್ಕೆ ಸರಿಸಿ, ಅದರ ಮೇಲೆಯೇ ಗೆಲುವು ಕಟ್ಟಿದ್ದಳು. ಆ ಗೆಲುವಿನ ಮೇಲೆ ಕುರ್ಚಿ. ಕುರ್ಚಿಯ ಮೇಲೆ ಪುಸ್ತಕ. ಅಂಗಡಿಯ ಕಟ್ಟೆಯ ಮೇಲೆ ತಾನು ಏನೆಂದಿದ್ದೆ? 'ಹೋಗಬೇಕು ಅಂತಿದ್ದೀನಿ.' ಅಷ್ಟೇ ತಾನೆ? ಹೋಗಲಾ ಎಂದು ಕೇಳಿದ್ದೆನೇ? ಅವನು ಮಾತಾಡಲಿಲ್ಲವೆಂದು ಎಣಿಸಿದೆ. ತಾನು ಕೇಳಲಿಲ್ಲವೆಂಬುದನ್ನು ಒಂದು ದಿನವೂ ಎಣಿಸಲಿಲ್ಲ.

ಅವಳು ಮಾತಿನ ಚಿಕಿತ್ಸೆಯಾಕೆಯನ್ನು ಹುಡುಕಿಕೊಂಡು ಹೋದಳು. ಆಕೆ ಆಸ್ಪತ್ರೆಯ ಅಂಗಳದಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದಳು. ವಿಷಯ ಕೇಳಿ, "ನೀವು ಮೇಷ್ಟರು ಅಲ್ಲವಾ? ಅದೇ ತೊಂದರೆ" ಎಂದು ನಕ್ಕಳು. ಬಾಯಿಗೆ ಮಾತು ತುಂಬಿಸಿದರೆ ಅವರು ಅದನ್ನೇ ಆಡುತ್ತಾರೆ, ಅದು ಸಲೀಸು. ತಮ್ಮದೇ ಮಾತು ಬರಬೇಕಾದರೆ ಎದುರಿನವರು ಸುಮ್ಮನಿರಬೇಕು. ಬರುತ್ತದೆಂದು ಖಾತ್ರಿಯಿಲ್ಲ. ಆದರೂ ಕಾಯಬೇಕು ಎಂದಳು.

ಉಳಿದದ್ದು ಕೆಲವೇ ದಿನ. ಮಾತೇ ಬಂಡವಾಳವಾಗಿದ್ದ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡಳು. ಬೆಳಿಗ್ಗೆ ಬಂದು ಅವನ ಪಕ್ಕ ಕೂರುವಳು. ಉಗುರು ಕತ್ತರಿಸುವಳು, ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ ತಿಕ್ಕುವಳು. ಕಪ್ಪುಗಳನ್ನು ತೊಳೆದು ಒರೆಸಿಡುವಳು. ಅವನ ತುಟಿ ಅಲುಗಿದಾಗಲೆಲ್ಲ ಅವಳ ನಾಲಿಗೆಯ ತುದಿಗೆ ಮಾತು ಬಂದು ನಿಲ್ಲುವುದು. ಹಲ್ಲು ಕಚ್ಚಿ ನುಂಗುವಳು. ಕಾರಿಡಾರಿನ ಆ ಬೆಂಚಿನ ಮೌನ ನೆಮ್ಮದಿಯದಾಗಿತ್ತು. ಈ ಮೌನದಲ್ಲಿ ಪ್ರಾಣ ಹೋಗಿ ಬರುತ್ತಿತ್ತು.

ಏನೂ ಬರಲಿಲ್ಲ. ಶುಕ್ರವಾರ ನಿಘಂಟಿನ ಪೆಟ್ಟಿಗೆಗಳು ಹೋದವು. ಶನಿವಾರ ಮಂಚ ಹೋಯಿತು.

ಅವಳು ಇರಿ ಎನ್ನಬಹುದಿತ್ತು. ನಾನು ನೋಡಿಕೊಳ್ಳುತ್ತೇನೆ, ಇವರನ್ನು ಇಲ್ಲೇ ಬಿಡಿ ಎಂದು ತಮ್ಮನಿಗೆ ಹೇಳಬಹುದಿತ್ತು. ತಮ್ಮ ಬೇಡವೆನ್ನುತ್ತಿರಲಿಲ್ಲ. ಆದರೆ ಅದೂ ದುಭಾಷಿಯನ್ನು ಕೇಳದೆ ದಿಬ್ಬದ ಮೇಲೆ ಇನ್ನೊಂದು ಕಂಬ ನೆಟ್ಟಂತೆಯೇ ಅಲ್ಲವೇ? ಅವನಿಗೆ ತನ್ನ ಮೇಲೆ ಸಿಟ್ಟಿದೆಯೋ, ತಾನು ಬೇಕೋ ಬೇಡವೋ, ಯಾರು ಹೇಳುವವರು?

ಭಾನುವಾರ ಬೆಳಿಗ್ಗೆ ಟ್ಯಾಕ್ಸಿ ಬಂದು ಕೆಳಗೆ ನಿಂತಿತು. ಅವಳದೂ ಅಂದೇ ಮಧ್ಯಾಹ್ನದ ವಿಮಾನ. ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಟ್ಟಿದ್ದಳು. ಅವನಿಗೆ ಕೋಟು ತೊಡಿಸಿದಳು. ಗುಂಡಿಗಳನ್ನು ಹಾಕುವಾಗ ಒಂದೊಂದನ್ನೂ ಮುಟ್ಟಿ ನೋಡಿದಳು. ಅಕ್ಕನ ಹೊಲಿಗೆ, ಗಟ್ಟಿಯಾಗಿತ್ತು.

ಕೊನೆಗೊಂದು ಸಲ ಅವನ ಎದುರು ಮಂಡಿಯೂರಿ ಕೇಳಿದಳು. ಒಂದೇ ಪ್ರಶ್ನೆ, ಅಂದು ಕೇಳದೇ ಉಳಿದದ್ದು.

"ನಾನು ಹೋಗಲಾ?"

"ನಾನು ಹೋಗಲಾ" ಎಂದ ಅವನು.

ಅವಳು ತಲೆ ತಗ್ಗಿಸಿದಳು. ಸುಮ್ಮನೆ ಕಾದಳು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ತಮ್ಮ ಕೈ ಕೈ ಹಿಸುಕಿಕೊಂಡ. ದುಭಾಷಿಯ ತುಟಿ ಅಲುಗುತ್ತಲೇ ಇತ್ತು, ಏನೂ ಬರಲಿಲ್ಲ...

ಎದ್ದಳು. ಪೆಟ್ಟಿಗೆಯ ಹಿಡಿಕೆಗೆ ಕೈಹಾಕಿ ಎತ್ತಿದಳು. ಬಾಗಿಲು ದಾಟಿ ಒಂದು ಮೆಟ್ಟಿಲು ಇಳಿದಳು.

"...ಬೇ..."

ನಿಂತಳು. ತಿರುಗಲಿಲ್ಲ. ತಿರುಗಿದರೆ ಮುರಿಯುತ್ತದೆ ಎನ್ನುವಂತೆ ಉಸಿರು ಹಿಡಿದಳು.

"ಬೇ... ಡ. ಹೋ... ಹೋಗ... ಬೇಡಿ."

ಅವಳು ತಿರುಗಿದಾಗ ಅವನು ಎಡಗೈಯಿಂದ ಕುರ್ಚಿಯ ತೋಳನ್ನು ಅದುಮಿ ಹಿಡಿದು, ಅರ್ಧ ಎದ್ದು ನಿಂತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಅವಳು ತಮ್ಮನ ಕಡೆ ನೋಡಿದಳು.

"ನೀವು ಹೇಳಿದಿರಾ ಅದನ್ನ?"

"ಇಲ್ಲ ಮೇಡಂ. ನಾನು ಬಾಯೇ ತೆಗೆದಿಲ್ಲ."

"ಬೇಡ ಅಂತ ಯಾರಾದರೂ ಅಂದಿರಾ? ಟ್ಯಾಕ್ಸಿಯವನು? ಕೆಳಗಿಂದ ಯಾರಾದರೂ?"

"ಯಾರೂ ಅನ್ನಲಿಲ್ಲ ಮೇಡಂ... ಅಣ್ಣನೇ ಅಂದ" ಎಂದು ತಮ್ಮ ಸಾಮಾನಿನ ಗಂಟಿನ ಮೇಲೆ ಕುಳಿತು ಗೊಳೋ ಎಂದು ಅತ್ತುಬಿಟ್ಟ.

ಆ ಕೋಣೆಯಲ್ಲಿ ಯಾರೂ ಆಡದ ಮಾತು. ಅಂದಮೇಲೆ ಅದು ಅವನದು. ಅವಳು ಪೆಟ್ಟಿಗೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಬಂದಳು.

ಅವತ್ತು ಟ್ಯಾಕ್ಸಿಯಲ್ಲಿ ಗಣಿಯೂರಿಗೆ ಹೊರಟದ್ದು ತಮ್ಮ ಒಬ್ಬನೇ. ಮಂಚವಿಲ್ಲದ ಮನೆಯಿಂದ ದುಭಾಷಿ ಅಕ್ಕನ ಮಹಡಿಗೆ ಬಂದ. ಮೆಟ್ಟಿಲು ಹತ್ತಿಸಲು ಬೀದಿಯ ನಾಲ್ವರು ಬೇಕಾದರು. "ಗುಂಡಿ ಹಾಕಿಸೋಕೆ ಇಷ್ಟು ದೂರ ಓಡಾಡೋದು ತಪ್ಪಿತಲ್ಲ ಸದ್ಯ" ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. ಕಡಲಾಚೆಯವರಿಗೆ ಗಡಿ ಮೇಡಂ ತಾನು ಬರುವುದಿಲ್ಲವೆಂದು ತಿಳಿಸಿದಳು. ಹಳೆಯ ಕಾಲೇಜಿನವರು ಅವಳ ಮೊದಲಿನ ಕೋಣೆಯನ್ನು ಮತ್ತೆ ಕೊಟ್ಟರು. ಮೌನದ ಪಾಠವನ್ನು ಅವಳು ಈಗ ಬೇರೆ ಕಡೆಯಿಂದ ಶುರು ಮಾಡುತ್ತಾಳೆ. ಸುಮ್ಮನಿದ್ದವರನ್ನು ಯಾರಾದರೂ ಕೇಳಿದ್ದರೇ, ಅದನ್ನು ಮೊದಲು ನೋಡಿ ಎನ್ನುತ್ತಾಳೆ. ಕಳೆದುಹೋದ ದಿಬ್ಬ ಅದರಿಂದ ಆ ಮುದುಕಿಗೆ ವಾಪಸು ಸಿಗುವುದಿಲ್ಲ, ಅದು ಅವಳಿಗೆ ಗೊತ್ತಿದೆ. ಆ ಮುಳ್ಳು ಒಳಗೇ ಇದೆ.

ಮಾತು ಸಲೀಸಾಗಿ ಬಂದುಬಿಡಲಿಲ್ಲ. ಕೆಲವು ದಿನ ಒಂದು ಮಾತು, ಕೆಲವು ದಿನ ಅದೂ ಇಲ್ಲ. ಬಾರದ ದಿನ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ಅವಳು ಅನ್ನ ಬಿಡುತ್ತಿದ್ದಳು, ಅಕ್ಕ ಇಬ್ಬರನ್ನೂ ಬೈಯುತ್ತಿದ್ದಳು. ಆದರೆ ಎಡಗೈಯಲ್ಲಿ ಪೆನ್ಸಿಲು ಹಿಡಿಯುವುದನ್ನು ಅವನು ಹಟ ಹಿಡಿದು ಕಲಿತ. ಅಕ್ಕನ ಸೀಮೆಸುಣ್ಣದಿಂದ ಬಟ್ಟೆಯ ಚೂರುಗಳ ಮೇಲೆ ಅಕ್ಷರ ತಿದ್ದಿದ. ಒಂದು ದಿನ ಬೆಳಿಗ್ಗೆಯಿಂದ ಕುಳಿತು ಕಾಗದದ ಮೇಲೆ ಏನೋ ಬರೆದು, ಲಕೋಟೆಗೆ ಹಾಕುವ ಮೊದಲು ಅವಳಿಗೆ ತೋರಿಸಿದ. ಅಕ್ಷರಗಳು ಒಂದು ಬೆಟ್ಟ ಹತ್ತಿದರೆ ಇನ್ನೊಂದು ಕೊರಕಲಿಗೆ ಇಳಿದಿದ್ದವು.

'ನೀವು ಹೋಗುವುದಕ್ಕೆ ನನ್ನ ಆಕ್ಷೇಪಣೆ ಇದೆ. ಆಗಲೂ ಇತ್ತು.'

ಅವಳು ಎರಡು ಸಲ ಓದಿದಳು. ಕಣ್ಣು ಮಂಜಾಗಿ ಮೂರನೇ ಸಲ ಓದಲಾಗಲಿಲ್ಲ.

"ಅವತ್ತು ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿ ಕಾದಳು. ಈಗ ಅವಳಿಗೆ ಕಾಯಲು ಬರುತ್ತಿತ್ತು.

"ನಿಮ್ಮ... ಮಾತಿಗೆ..." ಅವನು ನಿಲ್ಲಿಸಿದ. ಉಸಿರು ಎಳೆದುಕೊಂಡ. "ನನ್ನದು... ಸೇರಿಸಬಾರದು... ಅಂತ."

ಕಸುಬು ಕಲಿಸಿದ ಬುದ್ಧಿ! ಒಬ್ಬಳಿಗೆ ಮೌನವೆಂದರೆ ಒಪ್ಪಿಗೆ, ಇನ್ನೊಬ್ಬನಿಗೆ ಮೌನವೇ ಮರ್ಯಾದೆ. ಅವಳು ಅಳುತ್ತಲೇ ನಕ್ಕಳು, ಅವನ ನಿಶ್ಶಕ್ತ ಬಲಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

ಕಾಗದವನ್ನು ಇಟ್ಟುಕೊಳ್ಳಲು ಕೇಳಿದರೆ ಅವನು ಕೊಡಲಿಲ್ಲ. ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟಿಸಿ, ಮೇಲೆ ಅವಳ ವಿಳಾಸವನ್ನೇ ಬರೆದ. ಅದೇ ಮನೆ, ಅದೇ ಬಾಗಿಲು. ಬೀದಿಯ ತುದಿಯ ಅಂಚೆಪೆಟ್ಟಿಗೆಯ ಕಡೆ ಕೈತೋರಿಸಿದ.

"ಎದುರಿಗೇ ಇದ್ದೀನಲ್ಲ, ಕೈಯಲ್ಲೇ ಕೊಡಿ."

ಅವನು ಇಲ್ಲವೆಂದು ತಲೆಯಾಡಿಸಿದ. ಯಾರೂ ಎದುರಿಗೆ ತಲೆಯಾಡಿಸಿರಲಿಲ್ಲ.

"ಬರೆದರೆ... ಸಾಲದು" ಎಂದ.

ಅವಳದೇ ಮಾತು, ನ್ಯಾಯಾಧೀಶರ ಮುಂದೆ ಆಡಿದ್ದು. ಆದರೆ ಈ ಸಲ ಯಾರೂ ಹೇಳಿಕೊಡದೆ ಅವನೇ ಹುಡುಕಿ ತೆಗೆದದ್ದು.

ಇಬ್ಬರೂ ಹೊರಟರು. ಅಂಗಡಿಯೊಳಗಿಂದ ಅಕ್ಕ, ಒಂದೇ ಮನೆಯಲ್ಲಿದ್ದುಕೊಂಡು ಅಂಚೆಯವನಿಗೆ ಯಾಕಪ್ಪ ಕೆಲಸ ಎಂದು ಕೂಗಿದಳು. ಅವನ ಊರುಗೋಲು ಒಂದು ಕಡೆ, ಅವಳ ತೋಳು ಇನ್ನೊಂದು ಕಡೆ. ಅಷ್ಟು ಚಿಕ್ಕ ಬೀದಿ ಅಂದು ಬಹಳ ಉದ್ದವಿತ್ತು. ಪೆಟ್ಟಿಗೆಗೆ ಊರುಗೋಲು ಒರಗಿಸಿ ಅವನು ಎಡಗೈಯಲ್ಲಿ ಜೇಬಿನಿಂದ ಲಕೋಟೆ ತೆಗೆದ. ಅವಳು ಸಹಾಯಕ್ಕೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ಇಷ್ಟು ತಡವಾಗಿ ಬಂದ ಆಕ್ಷೇಪಣೆ ನಿಲ್ಲುತ್ತೆ ಅಂತೀರಾ?" ಎಂದಳು.

ಅವನು ಬಹಳ ಹೊತ್ತು ಹುಡುಕಿದ. ಅವಳು ಬಹಳ ಹೊತ್ತು ಕಾದಳು.

"ನೀವು... ಒಪ್ಪಿದರೆ."

"ಒಪ್ಪಿದ್ದೀನಿ" ಎಂದಳು ಅವಳು ಬಾಯಿಬಿಟ್ಟು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ.

ಅವನು ಲಕೋಟೆಯನ್ನು ಸೀಳಿನೊಳಗೆ ತೂರಿಸಿ ಬೆರಳು ಬಿಟ್ಟ. ಒಳಗೆ ಅದು ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.